ಅಪ್ಪಂದಿರಿಗೆ ಕಟ್ಟಿದ ಗುಡಿಗಳು

ಈಜಿಪ್ಟಿಗೆ ಹೋದವರು ಗೀಜಾದ ಪಿರಮಿಡ್ಡುಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಮೈದೂಮಿನ ಕುಸಿದ ಪಿರಮಿಡ್ಡಿನ ಕಡೆ ತಲೆ ಹಾಕುವವರು ಕಡಿಮೆ. ನಮ್ಮವರೂ ಅಷ್ಟೇ. ಊಟಿಗೆ ಹೊರಟ ಕಾರುಗಳು ಗುಂಡ್ಲುಪೇಟೆಯಲ್ಲಿ ಕಾಫಿಗೆ ನಿಂತು ಹಾಗೇ ಮುಂದೆ ಓಡುತ್ತವೆ. ತೀರಿಹೋದ ಅಪ್ಪನ ನೆನಪಿಗೆ ಮಗ ಕಟ್ಟಿಸಿದ ಎರಡು ಗುಡಿಗಳು ಈ ಚಾಮರಾಜನಗರ ಜಿಲ್ಲೆಯಲ್ಲಿವೆ. ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದು.

ಮೊದಲನೆಯದಕ್ಕೊಂದು ಸೊಗಸಾದ ಕತೆಯಿದೆ. 1776ರಲ್ಲಿ ಮೈಸೂರಿನ ಗಾದಿ ಬರಿದಾದಾಗ ಹೈದರಾಲಿ ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಸೇರಿಸಿದನಂತೆ. ನೆಲದ ಮೇಲೆ ಹಣ್ಣು, ಮಿಠಾಯಿ, ಆಟಿಕೆ, ಆಯುಧ. ಉಳಿದ ಮಕ್ಕಳು ತಿಂಡಿಗೆ ಮುಗಿಬಿದ್ದರೆ, ಅರಿಕುಠಾರದ ಮನೆತನದ ಎರಡು ವರ್ಷದ ಪೋರ ಒಂದು ಕೈಲಿ ಕಠಾರಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದ. ಇವನೇ ರಾಜ ಎಂದುಬಿಟ್ಟ ಹೈದರ್. ಕತೆಯನ್ನು ದಾಖಲಿಸಿದವನು ಇತಿಹಾಸಕಾರ ವಿಲ್ಕ್ಸ್. ಹೊಳೆಯುವ ವಸ್ತು ಕಂಡರೆ ಯಾವ ಮಗು ಕೈಚಾಚುವುದಿಲ್ಲ ಹೇಳಿ! ಕಠಾರಿ ಹಿಡಿದರೂ ಖಾಸಾ ಚಾಮರಾಜ ಒಡೆಯರಿಗೆ ಆಳುವ ಭಾಗ್ಯವಿರಲಿಲ್ಲ. ಹೆಸರಿಗಷ್ಟೇ ದೊರೆಯಾಗಿದ್ದು 1796ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಆಗ ಮಗನಿಗಿನ್ನೂ ಎರಡು ತುಂಬಿರಲಿಲ್ಲ.

ಆ ಮಗನೇ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಪಟ್ಟವೇರಿದ ಅವರು, ಅಪ್ಪ ಹುಟ್ಟಿದ ಊರು ಅರಿಕುಠಾರವೇ ಎಂದು ಖಚಿತಪಡಿಸಿಕೊಂಡು 1818ರಲ್ಲಿ ಅದನ್ನು ಚಾಮರಾಜನಗರ ಮಾಡಿದರು. ಹುಟ್ಟಿದ ಜಾಗದಲ್ಲಿ ಜನನ ಮಂಟಪ ಎದ್ದಿತು, 1826ರಲ್ಲಿ ಚಾಮರಾಜೇಶ್ವರ ಗುಡಿ. ಮುಖವೂ ಸರಿಯಾಗಿ ನೆನಪಿಲ್ಲದ ಅಪ್ಪನ ಹೆಸರು ಲಿಂಗಕ್ಕೆ, ಅಮ್ಮನ ಹೆಸರು ದೇವಿಗೆ: ಕೆಂಪನಂಜಾಂಬ. ಈ ಗುಡಿ ಉಳಿದದ್ದು ಕಲ್ಲಿನಿಂದಷ್ಟೇ ಅಲ್ಲ, ತೇರಿನಿಂದಲೂ. ಆಷಾಢದಲ್ಲಿ ಬೇರೆ ಬೇರೆ ಇರಬೇಕಾದ ಹೊಸ ಜೋಡಿಗಳು ಇಲ್ಲಿ ಸಿಂಗರಿಸಿಕೊಂಡು ಬಂದು ಒಟ್ಟಿಗೆ ನಿಂತು ರಥಕ್ಕೆ ಹಣ್ಣು-ಜವನ ಎಸೆಯುತ್ತಾರೆ. 2017ರಲ್ಲಿ ಯಾರೋ ಕಿಡಿಗೇಡಿ ತೇರಿಗೆ ಬೆಂಕಿಯಿಟ್ಟ. ಹೊಸ ತೇರು ಬೀದಿಗಿಳಿದದ್ದು 2022ರಲ್ಲಿ. ಅಷ್ಟು ವರ್ಷ ಎಷ್ಟು ಜೋಡಿಗಳು ಪೆಚ್ಚಾದವೋ!

ತೆರಕಣಾಂಬಿ ದಾಟಿದರೆ ಗುಂಡ್ಲುಪೇಟೆ. ಇಲ್ಲಿಯ ಕತೆ ಇನ್ನೂ ಹಳೆಯದು, ವಿವರ ಮಾತ್ರ ಕಡಿಮೆ. ಚಿಕ್ಕದೇವರಾಜ ಒಡೆಯರ ತಂದೆ ದೊಡ್ಡದೇವರಾಜರು ಪಟ್ಟ ಏರಲೇ ಇಲ್ಲ; ಗುಂಡ್ಲುಪೇಟೆಯಲ್ಲೇ ಕಣ್ಣುಮುಚ್ಚಿದರು. ಮಗನನ್ನು ಹತ್ತಿರದ ಹಂಗಳದಲ್ಲಿ ಕಾವಲಿನಲ್ಲಿ ಇಟ್ಟಿದ್ದರು. 1673ರಲ್ಲಿ ಸಿಂಹಾಸನ ಸಿಕ್ಕ ಮೇಲೆ ಆ ಮಗ ಅಪ್ಪನಿಗಾಗಿ ಪರವಾಸುದೇವನ ಗುಡಿ ಕಟ್ಟಿಸಿದರು, ಅಗ್ರಹಾರವನ್ನೂ ಮಾಡಿದರು. ಅಂಥ ಗುಡಿ ಆಮೇಲೆ ಪಾಳುಬಿತ್ತು. ಚಾಮರಾಜನಗರದಲ್ಲಿ ಜನ ಹಗ್ಗ ಹಿಡಿದು ತೇರು ಎಳೆಯುತ್ತಿದ್ದರೆ ಇಲ್ಲಿ ಕಲ್ಲಿನ ಸಂದಿಯಲ್ಲಿ ಗಿಡ ಬೇರು ಬಿಟ್ಟವು. ಚಿಕ್ಕದೇವರಾಜರ ಹೆಸರು ಶಾಲೆಯ ಪುಸ್ತಕದಲ್ಲಿ ಓದಿದವರೇ ಈ ರಸ್ತೆಯಲ್ಲಿ ಗಾಜು ಏರಿಸಿಕೊಂಡು ಹೋಗುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗರ್ಭಗುಡಿಯ ಮೂರ್ತಿಗಳು ಪೇಟೆಯೊಳಗಿನ ವಿಜಯನಾರಾಯಣ ಗುಡಿ ಸೇರಿದವು. ಅದು ಹೊಯ್ಸಳ ವಿಷ್ಣುವರ್ಧನನ ಹೆಸರಿಗೆ ಅಂಟಿಕೊಂಡಿರುವ, ಕೇಂದ್ರ ಪುರಾತತ್ವ ಇಲಾಖೆ ಕಾಯುವ ಗುಡಿ. ಹಾಗಾಗಿ ದೇವರನ್ನು ನೋಡಬೇಕಾದವರು ಅಲ್ಲಿಗೆ, ಚಿಕ್ಕದೇವರಾಜರು ಕಟ್ಟಿಸಿದ್ದನ್ನು ನೋಡಬೇಕಾದವರು ಊರಾಚೆಗೆ, ಎರಡು ಕಡೆ ಅಲೆಯಬೇಕು.