ತುಂಗಭದ್ರೆಯ ಗೆಂಡೆಯೊಳಗಿನ ಜೋಡಿ ಜೀನ್‌ಗಳು

ತುಂಗಭದ್ರಾ ಜಲಾಶಯ ಮತ್ತು ಸುತ್ತಲಿನ ಕೆರೆಗಳಿಂದ ಹೊಸಪೇಟೆ, ಕಂಪ್ಲಿಗಳ ಮಾರುಕಟ್ಟೆಗೆ ಬರುವ ಮೀನುಗಳಲ್ಲಿ ರೋಹು ಮತ್ತು ಸಾಮಾನ್ಯ ಗೆಂಡೆ ಹತ್ತಿರದ ಬಂಧುಗಳು. ಎರಡೂ ಈ ನದಿಗೆ ಹೊರಗಿನಿಂದ ಬಂದವು, ಒಂದು ಗಂಗೆಯ ಬಯಲಿನಿಂದ, ಇನ್ನೊಂದು ಪರದೇಶದ ಸಾಕಣೆ ಕೊಳಗಳಿಂದ. ಅಕ್ಕಪಕ್ಕ ಇಟ್ಟರೆ ಗೆಂಡೆಯ ಬಾಯಂಚಿನಲ್ಲಿ ಎರಡು ಜೊತೆ ಮೀಸೆಗಳೂ ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಗರಗಸದಂತೆ ಹಲ್ಲುಳ್ಳ ಗಟ್ಟಿ ಮುಳ್ಳೂ ಕಾಣುತ್ತವೆ. ಕಣ್ಣಿಗೆ ಕಾಣದ ವ್ಯತ್ಯಾಸ ಇದಕ್ಕಿಂತ ಬಹಳ ದೊಡ್ಡದು: ರೋಹುವಿನ ಪ್ರತಿ ಜೀವಕೋಶದಲ್ಲಿ 50 ವರ್ಣತಂತುಗಳಿದ್ದರೆ, ಅಂದರೆ ಡಿಎನ್ಎ ಎಂಬ ಆನುವಂಶಿಕ ಎಳೆಯನ್ನು ಸುತ್ತಿಟ್ಟ 50 ಕಟ್ಟುಗಳಿದ್ದರೆ, ಗೆಂಡೆಯಲ್ಲಿ ಅವು ಸರಿಯಾಗಿ ಇಮ್ಮಡಿ, 100.

ಈ ಇಮ್ಮಡಿಯ ಮೂಲ ಸುಮಾರು ಒಂದು ಕೋಟಿ ವರ್ಷಗಳ ಹಿಂದಿನದು. ಬೇರೆ ಬೇರೆ ಪ್ರಭೇದಗಳ ಎರಡು ಮೀನುಗಳು ಕೂಡಿ ಹುಟ್ಟಿದ ಮಿಶ್ರತಳಿಯೊಂದು ತಂದೆತಾಯಿಗಳ ವರ್ಣತಂತುಗಳನ್ನು ಇಡಿಯಾಗಿ ಉಳಿಸಿಕೊಂಡಿತು, ಅದರ ಸಂತತಿಯೇ ಇಂದಿನ ಸಾಮಾನ್ಯ ಗೆಂಡೆ. 2014ರಲ್ಲಿ ಪ್ರಕಟವಾದ ಗೆಂಡೆಯ ಜೀನೋಮ್, ಅಂದರೆ ಅದರ ಸಮಗ್ರ ಆನುವಂಶಿಕ ಬರಹ, ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಸುಮಾರು 52,000 ಜೀನ್‌ಗಳನ್ನು ತೋರಿಸಿತು. ಗೆಂಡೆಯ ದೂರದ ನೆಂಟನಾದ, ಭಾರತದ ತೊರೆಗಳಲ್ಲಿಯೇ ಹುಟ್ಟಿ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಸಾಕಲಾಗುವ ಜೀಬ್ರಾ ಮೀನಿನಲ್ಲಿ ಇವುಗಳ ಸಂಖ್ಯೆ ಸುಮಾರು 26,000.

ಆದರೆ ಜೀಬ್ರಾ ಮೀನನ್ನೂ ರೋಹುವನ್ನೂ ಇಮ್ಮಡಿಯಾಗದ ಮೀನುಗಳೆಂದು ತಿಳಿಯುವಂತಿಲ್ಲ. ಬೆನ್ನೆಲುಬುಳ್ಳ ಪ್ರಾಣಿಗಳ ಪೂರ್ವಜರಲ್ಲಿ ಸುಮಾರು 50 ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್ ಎರಡು ಬಾರಿ ಇಮ್ಮಡಿಯಾಯಿತೆಂದೂ, ಮೂಳೆಮೀನುಗಳ ಬಹುದೊಡ್ಡ ಶಾಖೆಯಲ್ಲಿ 30 ಕೋಟಿ ವರ್ಷಗಳಿಗೂ ಹಿಂದೆ ಮತ್ತೊಮ್ಮೆ ಇಮ್ಮಡಿಯಾಯಿತೆಂದೂ ಈಗ ತಿಳಿದಿದೆ. ದೇಹದ ಉದ್ದಕ್ಕೂ ಯಾವ ಅಂಗ ಎಲ್ಲಿ ಮೂಡಬೇಕೆಂದು ನಿರ್ಧರಿಸುವ ಹಾಕ್ಸ್ ಎಂಬ ಜೀನ್‌ಗಳ ಗೊಂಚಲು ಮನುಷ್ಯನಲ್ಲಿ ನಾಲ್ಕಿದ್ದರೆ ಜೀಬ್ರಾ ಮೀನಿನಲ್ಲಿ ಏಳಿವೆ. ನಾಲ್ಕರ ಇಮ್ಮಡಿ ಎಂಟಾಗಬೇಕಿತ್ತು; ಒಂದು ಕಾಲಾಂತರದಲ್ಲಿ ಕಳೆದುಹೋಗಿದೆ. ಇಮ್ಮಡಿಯಾದ ಜೀನ್‌ಗಳ ಚರಿತ್ರೆಯಲ್ಲಿ ಅತಿ ಸಾಮಾನ್ಯವಾದ ಘಟನೆ ಇದೇ, ಅಂದರೆ ಅಳಿವು. ಒಂದು ಪ್ರತಿ ಕೆಲಸ ಮಾಡುತ್ತಿರುವಾಗ ಇನ್ನೊಂದರಲ್ಲಿ ತಪ್ಪುಗಳು ಸೇರಿಕೊಂಡರೂ ಮೀನಿಗೆ ತೊಂದರೆಯಾಗದ ಕಾರಣ ಆ ತಪ್ಪುಗಳು ಉಳಿಯುತ್ತವೆ, ಕೂಡುತ್ತವೆ, ಕೊನೆಗೆ ಆ ಪ್ರತಿಯನ್ನು ಮೂಕವಾಗಿಸುತ್ತವೆ.

ಹಾಗಾದರೆ ಉಳಿದವು ಏಕೆ ಉಳಿದವು ಎಂಬುದೇ ನಿಜವಾದ ಪ್ರಶ್ನೆ. ಜಪಾನಿ ಮೂಲದ ವಿಜ್ಞಾನಿ ಸುಸುಮು ಓನೊ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಳೆಯ ಕೆಲಸವನ್ನು ಒಂದು ಪ್ರತಿ ನೋಡಿಕೊಳ್ಳುವಾಗ ಬಿಡುವಾದ ಇನ್ನೊಂದು ಪ್ರತಿ ಹೊಸ ಕೆಲಸವನ್ನು ಕಲಿಯಬಲ್ಲದೆಂದು ವಾದಿಸಿದರು. ವಿದ್ಯುತ್ ಮೀನುಗಳು ಇದಕ್ಕೆ ಒಳ್ಳೆಯ ಸಾಕ್ಷಿ: ಸ್ನಾಯು ಮಿಡಿಯಲು ಬೇಕಾದ ಸೋಡಿಯಂ ನಾಳದ ಜೀನ್ ಮೂಳೆಮೀನುಗಳಲ್ಲಿ ಎರಡಾದ ಮೇಲೆ, ದಕ್ಷಿಣ ಅಮೆರಿಕದ ಹಾಗೂ ಆಫ್ರಿಕಾದ ವಿದ್ಯುತ್ ಮೀನುಗಳಲ್ಲಿ ಒಂದು ಪ್ರತಿ ಸ್ನಾಯುವಿನ ಕೆಲಸ ಬಿಟ್ಟು, ವಿದ್ಯುತ್ ಹೊಮ್ಮಿಸುವ ಅಂಗದ ಕೆಲಸ ಹಿಡಿಯಿತು; ಅದೂ ಎರಡು ಖಂಡಗಳಲ್ಲಿ ಪ್ರತ್ಯೇಕವಾಗಿ.

ಆದರೆ ಪ್ರಯೋಜನಕರವಾದ ಹೊಸ ಕೆಲಸ ಅಪರೂಪ, ಉಳಿದ ಜೋಡಿಗಳ ಸಂಖ್ಯೆಯೋ ಅದಕ್ಕೆ ಹೊಂದದಷ್ಟು ದೊಡ್ಡದು. 1999ರಲ್ಲಿ ಆಲನ್ ಫೋರ್ಸ್, ಮೈಕೆಲ್ ಲಿಂಚ್, ಜಾನ್ ಪೋಸ್ಟ್ಲ್‌ತ್ವೇಟ್ ಮತ್ತು ಅವರ ಸಂಗಡಿಗರು ಕೊಟ್ಟ ಉತ್ತರ ಸರಳವೂ ಸುಂದರವೂ ಆದದ್ದು. ಒಂದೇ ಕೃತಿಯ ಎರಡು ಓಲೆಗರಿ ಪ್ರತಿಗಳಿದ್ದು, ಒಂದರ ಮೊದಲ ಸಂಧಿಯನ್ನೂ ಇನ್ನೊಂದರ ಕೊನೆಯ ಸಂಧಿಯನ್ನೂ ಗೆದ್ದಲು ತಿಂದುಹಾಕಿದರೆ, ಕೃತಿ ಪೂರ್ತಿ ಬೇಕೆನ್ನುವವರು ಎರಡನ್ನೂ ಜೋಪಾನ ಮಾಡಲೇಬೇಕಾಗುತ್ತದೆ. ಜೀನ್‌ಗಳಲ್ಲಿ ಈ ಸಂಧಿಗಳಂತೆ ಇರುವವು ಸ್ವಿಚ್ಚುಗಳು, ಅಂದರೆ ಜೀನ್ ಯಾವ ಅಂಗದಲ್ಲಿ, ಯಾವ ಹೊತ್ತಿನಲ್ಲಿ ಚಾಲೂ ಆಗಬೇಕೆಂದು ಹೇಳುವ ಡಿಎನ್ಎ ತುಣುಕುಗಳು. ಇಲಿಯಲ್ಲಿ ಎನ್‌ಗ್ರೇಲ್ಡ್-1 ಎಂಬ ಒಂದೇ ಜೀನ್ ಮುಂಗಾಲಿನ ಮೊಳಕೆಯಲ್ಲಿಯೂ ಹಿಮ್ಮೆದುಳು ಮತ್ತು ಬೆನ್ನುಹುರಿಯ ನರಕೋಶಗಳಲ್ಲಿಯೂ ದುಡಿಯುತ್ತದೆ. ಜೀಬ್ರಾ ಮೀನಿನಲ್ಲಿ ಅದರ ಒಂದು ಪ್ರತಿ ಎದೆಯ ಈಜುರೆಕ್ಕೆಯ ಮೊಳಕೆಯನ್ನೂ ಇನ್ನೊಂದು ಆ ನರಕೋಶಗಳನ್ನೂ ಹಂಚಿಕೊಂಡಿವೆ. ಇಲ್ಲಿ ಹೊಸದೇನೂ ಹುಟ್ಟಿಲ್ಲ, ಸವೆತವೇ ಎರಡನ್ನೂ ಅನಿವಾರ್ಯಗೊಳಿಸಿದೆ. ಹೀಗೆ ನೋಡಿದರೆ ಜೋಡಿ ಜೀನ್‌ಗಳಿಗೆ ‘ಹೆಚ್ಚುವರಿ’ ಎಂಬ ಮಾತು ಸಲ್ಲುವುದಿಲ್ಲ.

ಈ ಹಂಚಿಕೆಯ ಫಲವನ್ನು ಬರಿಗಣ್ಣಿನಿಂದಲೇ ನೋಡಬೇಕೆಂದರೆ ಕನ್ನಡಿ ಗೆಂಡೆಯನ್ನು ನೋಡಬೇಕು. ಸಾಮಾನ್ಯ ಗೆಂಡೆಯ ಮೈಮೇಲೆ ಹಂಚು ಹೊದಿಸಿದಂತೆ ಹುರುಪೆಗಳು ಒಂದರ ಮೇಲೊಂದು ಸಾಲಾಗಿ ಕುಳಿತಿದ್ದರೆ, ಕನ್ನಡಿ ಗೆಂಡೆಯಲ್ಲಿ ಹೊಳೆಯುವ ದೊಡ್ಡ ಹುರುಪೆಗಳು ಬೆನ್ನಗುಂಟ ಹಾಗೂ ಅಲ್ಲಲ್ಲಿ ಚದುರಿದ್ದು, ನಡುವೆ ಬರಿಯ ತೊಗಲು ಕಾಣುತ್ತದೆ. ಶುಚಿಗೊಳಿಸಲು ಸುಲಭವೆಂದು ಯುರೋಪಿನ ಸಾಕಣೆದಾರರು ಆರಿಸಿ ಬೆಳೆಸಿದ ಈ ತಳಿ 1939ರಲ್ಲಿ ಶ್ರೀಲಂಕಾದಿಂದ ಊಟಿಗೆ ಬಂದಿತು; ಬಯಲುಸೀಮೆಯ ಬಿಸಿನೀರಿಗೆ ಒಗ್ಗುವ ಗೆಂಡೆ ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ ಬಂದಿತು.

ಹುರುಪೆ ಉದುರಿಸಿದ ದೋಷ ಇರುವುದು ಬೆಳವಣಿಗೆಯ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಗ್ರಾಹಕ ಪ್ರೋಟೀನಿನ ಜೀನ್ ಒಂದರಲ್ಲಿ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದೇ ಗ್ರಾಹಕದ ಜೀನ್ ಇಲಿಯಲ್ಲಿ ಒಂದೇ ಇದ್ದು, ಅದು ಪೂರ್ಣವಾಗಿ ಕೆಟ್ಟರೆ ಭ್ರೂಣ ಬದುಕುವುದಿಲ್ಲ. ಮೀನಿನಲ್ಲಿ ಇಮ್ಮಡಿಯಾದ ಮೇಲೆ ಭ್ರೂಣದ ಕೆಲಸಕ್ಕೆ ಇನ್ನೊಂದು ಪ್ರತಿಯ ಆಸರೆ ಇರುವುದರಿಂದ, ಒಂದು ಪ್ರತಿ ಕೆಟ್ಟರೂ ಮರಿ ಸಾಯುವುದಿಲ್ಲ, ಅದರ ಹುರುಪೆಗಳಷ್ಟೇ ವಿರಳವಾಗುತ್ತವೆ. ಮನುಷ್ಯನ ಆಯ್ಕೆಗೆ ಆ ಜೀನ್ ಸಿಕ್ಕಿದ್ದು ಹೀಗೆ.

ರೋಹುವಿನ ಪೂರ್ವಜರಲ್ಲಿ ಮೂರನೆಯ ಇಮ್ಮಡಿಯ ಬಹುಪಾಲು ಪ್ರತಿಗಳು ಯಾವಾಗಲೋ ಅಳಿದಿವೆ, ಗೆಂಡೆಯಲ್ಲಿಯಾದರೋ ಕೊನೆಯ ಇಮ್ಮಡಿಯ ಜೋಡಿಗಳಲ್ಲಿ ಹೆಚ್ಚಿನವು ಇನ್ನೂ ಜೀವಂತವಾಗಿವೆ. ಒಂದು ಕೋಟಿ ವರ್ಷ ಈ ಲೆಕ್ಕದಲ್ಲಿ ತೀರ ಕಡಿಮೆ ಅವಧಿ. ಸಂಡೂರಿನ ನಾರಿಹಳ್ಳ ಜಲಾಶಯದಂಥ ಸಣ್ಣ ನೀರಿನಲ್ಲಿ ಬೆಳೆಯುವ ಗೆಂಡೆಯ ಮರಿಯಲ್ಲಿಯೂ ಅಳಿವು ಮತ್ತು ಹಂಚಿಕೆಗಳ ಆ ತೀರ್ಮಾನ ಇನ್ನೂ ನಡೆಯುತ್ತಲೇ ಇದೆ.

ತುಂಗಭದ್ರೆಯೂ ಸೇರಿದ ಕೃಷ್ಣಾ ಕೊಳ್ಳದ ಮೂಲನಿವಾಸಿ ಮಹಸೀರ್ ಕೂಡ, 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಮೊದಲು ವರ್ಣಿಸಿದ ಟಾರ್ ಖುದ್ರೀ ಎಂಬ ಪ್ರಭೇದ, 100 ವರ್ಣತಂತುಗಳನ್ನೇ ಹೊತ್ತಿದೆ. ಅದರ ಇಮ್ಮಡಿ ಗೆಂಡೆಯದರಿಂದ ಪ್ರತ್ಯೇಕವಾಗಿ ನಡೆದದ್ದೆಂದು ವಂಶವೃಕ್ಷದ ಅಧ್ಯಯನಗಳು ಹೇಳುತ್ತವೆಯಾದ್ದರಿಂದ, ಒಂದೇ ಬಗೆಯ ಘಟನೆಯ ಎರಡು ಫಲಿತಾಂಶಗಳನ್ನು ಒಂದೇ ನದಿಯಲ್ಲಿ ಹೋಲಿಸಿ ನೋಡುವ ಅವಕಾಶ ತುಂಗಭದ್ರೆಯಲ್ಲಿದೆ. ಇಂಥ ಅವಕಾಶ ಎಲ್ಲ ನದಿಗಳಿಗೂ ಇಲ್ಲ. ಗೆಂಡೆಯನ್ನು ಎಷ್ಟು ಬೇಕಾದರೂ ಸಾಕಬಹುದು, ಮಹಸೀರ್ ಹಾಗಲ್ಲ: ಅದಕ್ಕೆ ಬಂಡೆಗಳ ನಡುವೆ ಹರಿಯುವ ತಿಳಿನೀರು ಬೇಕು, ಮೊಟ್ಟೆಯಿಡಲು ನದಿಯ ಮೇಲ್ಗಡೆಗೆ ಹೋಗುವ ದಾರಿ ಬೇಕು, ಆ ದಾರಿಗೆ 1953ರಿಂದ ಅಣೆಕಟ್ಟು ಅಡ್ಡವಾಗಿದೆ. ಅಣೆಕಟ್ಟಿನ ಕೆಳಗಿನಿಂದ ಹಂಪಿಯನ್ನು ಹಾಯ್ದು ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು, ಇದರಿಂದ ಅಲ್ಲಿನ ಮೀನುಗಳಿಗೂ ಆಸರೆ ದೊರೆತಿದೆ. ನದಿಯಲ್ಲಿ ಮಹಸೀರ್ ಇರುವಾಗಲೇ ಅದರ ಜೀನೋಮನ್ನು ಓದಿಡಬೇಕು. ಅದಕ್ಕಾಗಿ ಮೀನನ್ನು ಕೊಲ್ಲಬೇಕಿಲ್ಲ, ಹಿಡಿದು ಈಜುರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿಕೊಂಡು ಮತ್ತೆ ನೀರಿಗೆ ಬಿಟ್ಟರೆ ಡಿಎನ್ಎ ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ.