ಪರಿಮಿತ ಅಂಶ ವಿಶ್ಲೇಷಣೆಯಲ್ಲಿ ಸಂಪರ್ಕ ಸಮಸ್ಯೆ

ಸಂಪರ್ಕ ಸಮಸ್ಯೆ ಎಂದರೆ ಎರಡು ಘನವಸ್ತುಗಳು ಪರಸ್ಪರ ತಾಗುವ, ಒತ್ತುವ, ಜಾರುವ ಅಥವಾ ಬೇರ್ಪಡುವ ಸನ್ನಿವೇಶವನ್ನು ಲೆಕ್ಕಹಾಕುವ ಸಮಸ್ಯೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಎಂದು ಕರೆಯುವ ಪರಿಮಿತ ಅಂಶ ವಿಶ್ಲೇಷಣೆಯಲ್ಲಿ ಇದು ಕಠಿಣವಾದ ಭಾಗ. ತೂತಿನೊಳಗಿನ ಪಿನ್ನು, ಬೋಲ್ಟಿನಿಂದ ಬಿಗಿದ ತಗಡುಗಳು, ಬೇರಿಂಗಿನ ಗುಂಡುಗಳು, ಡೈ ಮತ್ತು ಪಂಚಿನ ನಡುವೆ ಸಿಕ್ಕ ಉಕ್ಕಿನ ಹಾಳೆ ಇದಕ್ಕೆ ಉದಾಹರಣೆಗಳು. ಬೆಂಗಳೂರಿನ ರಾಜಾಜಿನಗರ, ಪೀಣ್ಯಗಳ ಕಾರ್ಖಾನೆಗಳಲ್ಲಿ ಇವು ದಿನನಿತ್ಯ ಕಾಣುವ ವಸ್ತುಗಳೇ.

ಅರೇಖೀಯತೆಯ ಕಾರಣ

ಭಾರ ಎರಡರಷ್ಟಾದರೆ ಬಾಗುವಿಕೆಯೂ ಎರಡರಷ್ಟಾಗುವುದು ರೇಖೀಯ ವರ್ತನೆ. ಸಂಪರ್ಕದಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ, ಏಕೆಂದರೆ ಭಾರ ಬದಲಾದಂತೆ ತಾಗಿರುವ ಪ್ರದೇಶವೂ ಬದಲಾಗುತ್ತದೆ. 1882ರಲ್ಲಿ ಜರ್ಮನಿಯ ಹೈನ್‌ರಿಕ್ ಹರ್ಟ್ಸ್ ತೋರಿಸಿದಂತೆ, ಗೋಳವೊಂದನ್ನು ಸಮತಲಕ್ಕೆ ಒತ್ತಿದಾಗ ಸಂಪರ್ಕವೃತ್ತದ ತ್ರಿಜ್ಯ ಎರಡು ಪಟ್ಟಾಗಲು ಬಲ ಎಂಟು ಪಟ್ಟಾಗಬೇಕು. ಎಲ್ಲಿ ತಾಗಿದೆ ಎಂದು ತಿಳಿಯದೆ ಬಲವನ್ನು ಲೆಕ್ಕಹಾಕುವಂತಿಲ್ಲ. ಬಲ ತಿಳಿಯದೆ ಎಲ್ಲಿ ತಾಗಿದೆ ಎಂದು ಹೇಳುವಂತಿಲ್ಲ. ಆದ್ದರಿಂದ ಗಣಕವು ಒಂದು ಊಹೆಯಿಂದ ಹೊರಟು, ಅದನ್ನು ಮತ್ತೆಮತ್ತೆ ತಿದ್ದುತ್ತಾ ಸಾಗುತ್ತದೆ. ಘರ್ಷಣೆ ಸೇರಿದರೆ ಭಾರ ಹೇರಿದ ಕ್ರಮವೂ ಉತ್ತರವನ್ನು ಬದಲಿಸುತ್ತದೆ.

ಬೆಂಗಳೂರಿನಲ್ಲಿ ನಡೆದ ಅಧ್ಯಯನ

ವಿಮಾನದ ಭಾಗಗಳನ್ನು ಜೋಡಿಸುವ ಪಿನ್ನುಗಳ ತೂತಿನ ಅಂಚಿನಲ್ಲಿ ಒತ್ತಡ ಕೇಂದ್ರೀಕೃತವಾಗಿ, ಕಾಲಾಂತರದಲ್ಲಿ ಬಿರುಕು ಹುಟ್ಟಬಹುದು. ಈ ಜೋಡಣೆಗಳನ್ನು ರಾಜಾಜಿನಗರದಿಂದ ಕೆಲವೇ ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ರಾವ್, ಬಿ. ದತ್ತಗುರು ಮೊದಲಾದವರು ಅಧ್ಯಯನ ಮಾಡಿದರು. ಸಡಿಲವಾದ ಪಿನ್ನಿನಲ್ಲಿ ಸಂಪರ್ಕವು ಕಿರಿದಾಗಿ ಆರಂಭವಾಗಿ ಭಾರದೊಡನೆ ಹಿಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಪಿನ್ನಿನಲ್ಲಿ ಮೊದಲು ಸುತ್ತಲೂ ಇರುವ ಸಂಪರ್ಕವು ಒಂದು ಮಿತಿಯ ನಂತರ ಒಂದು ಪಕ್ಕದಲ್ಲಿ ಬಿಟ್ಟುಕೊಳ್ಳತೊಡಗುತ್ತದೆ.

ರಾವ್ ಅವರು 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರಶ್ನೆಯನ್ನೇ ತಿರುಗಿಸುವ ವಿಧಾನವಿದೆ. ಭಾರಕ್ಕೆ ತಕ್ಕ ಸಂಪರ್ಕವನ್ನು ಹುಡುಕುವ ಬದಲು, ಸಂಪರ್ಕದ ಕೋನ ಇಷ್ಟೆಂದು ಇಟ್ಟುಕೊಂಡು, ಅದಕ್ಕೆ ಬೇಕಾದ ಭಾರವನ್ನು ಕಂಡುಹಿಡಿಯುವುದು. ಆಗ ಗಡಿ ಮೊದಲೇ ತಿಳಿದಿರುವುದರಿಂದ, ನುಣುಪಾದ ಪಿನ್ನಿನ ಮಟ್ಟಿಗೆ, ಪ್ರತಿ ಹಂತದ ಲೆಕ್ಕವೂ ರೇಖೀಯವಾಗುತ್ತದೆ. ಬಹು ಸರಳವಾದ, ಅಷ್ಟೇ ಜಾಣತನದ ಉಪಾಯವಿದು. ಪಿ. ಡಿ. ಮಂಗಲಗಿರಿ, ದತ್ತಗುರು ಮತ್ತು ರಾವ್ 1984ರ ಪ್ರಬಂಧದಲ್ಲಿ ಇಂತಹ ಚಲಿಸುವ ಸಂಪರ್ಕವನ್ನು ಪರಿಮಿತ ಅಂಶ ವಿಧಾನದಿಂದ ವಿಶ್ಲೇಷಿಸಿದರು.

ಲೆಕ್ಕ ನಿಂತಾಗ

ತಂತ್ರಾಂಶವು ಉತ್ತರಕ್ಕೆ ಬಾರದೆ ನಿಂತಾಗ ಮೊದಲು ನೋಡಬೇಕಾದದ್ದು ವಸ್ತುಗಳ ಆರಂಭಿಕ ಸ್ಥಿತಿ. ಪಿನ್ನು ಮತ್ತು ತೂತಿನ ನಡುವೆ ಕೂದಲೆಳೆಯಷ್ಟು ಸಂದಿ ಉಳಿದಿದ್ದು, ಪಿನ್ನನ್ನು ಹಿಡಿಯುವ ಬೇರೆ ಆಧಾರವಿಲ್ಲದಿದ್ದರೆ, ಅದು ಲೆಕ್ಕದೊಳಗೆ ಎಲ್ಲಿಗಾದರೂ ಹಾರಿಹೋಗುತ್ತದೆ. ಸಂದಿಯನ್ನು ಮುಚ್ಚುವುದು, ದುರ್ಬಲವಾದ ಸ್ಪ್ರಿಂಗೊಂದನ್ನು ಕಟ್ಟುವುದು, ಅಥವಾ ಬಲದ ಬದಲು ಸ್ಥಾನಪಲ್ಲಟವನ್ನು ಕೊಟ್ಟು ಮೊದಲು ತಾಗಿಸುವುದು ಇದಕ್ಕೆ ಪರಿಹಾರ.

ಎರಡನೆಯ ತೊಡಕು ಸಂಪರ್ಕದ ಬಿಗಿತ. ಹೆಚ್ಚು ಬಳಕೆಯಲ್ಲಿರುವ ಪೆನಾಲ್ಟಿ ವಿಧಾನವು ಮೇಲ್ಮೈಗಳ ನಡುವೆ ಕಾಲ್ಪನಿಕ ಸ್ಪ್ರಿಂಗುಗಳನ್ನಿಡುತ್ತದೆ. ಅವು ತೀರ ಮೆತುವಾದರೆ ಒಂದು ವಸ್ತು ಇನ್ನೊಂದರೊಳಗೆ ಹೊಕ್ಕುಬಿಡುತ್ತದೆ. ತೀರ ಗಡುಸಾದರೆ ಬಿಂದುಗಳು ಒಮ್ಮೆ ತಾಗಿ ಒಮ್ಮೆ ಬಿಟ್ಟು ಲೆಕ್ಕ ತುಯ್ದಾಡುತ್ತದೆ. ಬಿಗಿತವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿ, ಲೆಕ್ಕ ಮುಗಿದ ಮೇಲೆ ಹಂತಹಂತವಾಗಿ ಏರಿಸಿ, ಉತ್ತರ ಬದಲಾಗದೆ ನಿಲ್ಲುವವರೆಗೆ ನೋಡಬೇಕು. ಘರ್ಷಣೆಯನ್ನು ಕೊನೆಯಲ್ಲಿ ಸೇರಿಸುವುದು ಲೇಸು. ಚೂಪಾದ ಮೂಲೆಗಳನ್ನು ದುಂಡಗೆ ಮಾಡುವುದು, ಭಾರವನ್ನು ಸಣ್ಣ ಹಂತಗಳಲ್ಲಿ ಹೇರುವುದು ಸಹ ನೆರವಾಗುತ್ತದೆ.

ಲೆಕ್ಕ ಮುಗಿದ ಮಾತ್ರಕ್ಕೆ ಉತ್ತರ ಸರಿಯೆನ್ನಲಾಗದು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪಿನ್ನು ಎರಡೇ ಅಂಶಗಳ ಮೇಲೆ ಒತ್ತಿದ್ದರೆ ಅಲ್ಲಿ ಸಿಗುವ ಗರಿಷ್ಠ ಒತ್ತಡವನ್ನು ನಂಬುವಂತಿಲ್ಲ. ಜಾಲವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ ನೋಡಬೇಕು. ಸಂಪರ್ಕಬಲಗಳ ಮೊತ್ತ ಹೇರಿದ ಭಾರಕ್ಕೆ ಸರಿಹೊಂದುವುದೇ, ಒಳಹೊಕ್ಕ ಆಳವು ವಸ್ತುವಿನ ವಿರೂಪಕ್ಕಿಂತ ತೀರ ಕಡಿಮೆಯೇ ಎಂಬುದನ್ನು ಪರೀಕ್ಷಿಸಬೇಕು. ಹರ್ಟ್ಸ್‌ನ ಗೋಳವನ್ನು ಅದೇ ತಂತ್ರಾಂಶದಲ್ಲಿ ಮೊದಲು ಬಿಡಿಸಿ, ಕೈಲೆಕ್ಕದೊಡನೆ ಹೋಲಿಸುವ ಅಭ್ಯಾಸವೂ ಉಂಟು.