ಹೆಗಲಿಗೇರುವ ದೂರದರ್ಶಕ

ಪ್ರತಿಫಲನ ದೂರದರ್ಶಕವೆಂದರೆ ಮೊದಲು ಕಣ್ಣಿಗೆ ಬೀಳುವುದು ಉದ್ದನೆಯ ಕೊಳವೆ. ಆದರೆ ಬೆಳಕು ಕೂಡಿಸುವ ಕೆಲಸದಲ್ಲಿ ಕೊಳವೆಗೆ ಪಾಲೇ ಇಲ್ಲ. ತಳದ ನಿಮ್ನ ಕನ್ನಡಿ ಬೆಳಕನ್ನು ಒಟ್ಟುಗೂಡಿಸುತ್ತದೆ, ಮೇಲ್ತುದಿಯ ಪುಟ್ಟ ಓರೆಗನ್ನಡಿ ಅದನ್ನು ಪಕ್ಕದ ನೇತ್ರಮಸೂರಕ್ಕೆ ತಿರುಗಿಸುತ್ತದೆ. 1668ರಲ್ಲಿ ನ್ಯೂಟನ್ ಮಾಡಿದ ಏರ್ಪಾಡು ಇದೇ. ಈ ಎರಡನ್ನೂ ಅಲುಗದಂತೆ ನೇರವಾಗಿ ಹಿಡಿದಿಟ್ಟರೆ ಕೊಳವೆಯ ಹೊಣೆ ಮುಗಿಯಿತು. 200 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪದ ಬೋರೋಸಿಲಿಕೇಟ್ ಗಾಜಿನ ಕನ್ನಡಿ ಎರಡು ಕಿಲೋ ಕೂಡ ತೂಗುವುದಿಲ್ಲ. ಅದೇ ಅಳತೆಯ ಸಿದ್ಧ ದೂರದರ್ಶಕ ಪೀಠವೂ ಸೇರಿ ಸುಮಾರು 20 ಕಿಲೋ. ಉಳಿದ ಭಾರ ಯಾತಕ್ಕೆ? ಬೆಂಗಳೂರಿನಂಥ ಊರಿನ ದೀಪಗಳಲ್ಲಿ ಆಕಾಶಗಂಗೆ ಅಳಿಸಿಹೋಗಿರುವಾಗ, ಕತ್ತಲಿರುವಲ್ಲಿಗೆ ಒಯ್ಯಲಾಗದ ದೂರದರ್ಶಕ ಎಷ್ಟು ದೊಡ್ಡದಾದರೇನು?

ರಾಮಕೃಷ್ಣ ಸಂಪ್ರದಾಯದ ಸನ್ಯಾಸಿಯಾಗಿದ್ದ ಅಮೆರಿಕದ ಜಾನ್ ಡಾಬ್ಸನ್ ದಾರಿ ತೋರಿಸಿದರು. ಹಡಗಿನ ಕಿಟಕಿಯ ಗಾಜು ಉಜ್ಜಿ ಕನ್ನಡಿ, ರಟ್ಟಿನ ಕೊಳವೆ, ಹಲಗೆಯ ಪೆಟ್ಟಿಗೆಯೇ ಪೀಠ. 1967ರಲ್ಲಿ ಮಠ ಬಿಟ್ಟ ಮೇಲೆ ಅವರು ಸ್ಯಾನ್ ಫ್ರಾನ್ಸಿಸ್ಕೋದ ಕಾಲುದಾರಿಗಳಲ್ಲಿ ದಾರಿಹೋಕರಿಗೆಲ್ಲ ಚಂದ್ರನನ್ನು ತೋರಿಸಿದರು. ಈಚಿನ ಹವ್ಯಾಸಿಗಳು ಆ ಕೊಳವೆಯನ್ನೂ ಕೈಬಿಟ್ಟು ಎಂಟು ಅಲ್ಯೂಮಿನಿಯಂ ನಳಿಗೆಗಳ ತ್ರಿಕೋನ ಚೌಕಟ್ಟಿಗೆ ಬಂದಿದ್ದಾರೆ. ಇಲ್ಲಿನ ಲೆಕ್ಕ ತಕ್ಕಡಿಯದು. ತಿರುಗುವ ಅಚ್ಚಿನಿಂದ ಒಂದು ಮೀಟರ್ ಮೇಲಿರುವ 100 ಗ್ರಾಂಗೆ, 20 ಸೆಂಟಿಮೀಟರ್ ಕೆಳಗೆ ಅರ್ಧ ಕಿಲೋ ಎದುರುಭಾರ ಬೇಕು. ಹಾಗಾಗಿ ಓರೆಗನ್ನಡಿಯನ್ನು ಹೊತ್ತ ಮೇಲಿನ ಬಳೆಯನ್ನು ತೆಳು ಪ್ಲೈವುಡ್ಡಿನಲ್ಲಿ ಕೊರೆದು ಹಗುರ ಮಾಡಿದರೆ ಸಮತೋಲದ ಬಿಂದು ಕೆಳಗಿಳಿಯುತ್ತದೆ, ಪೀಠ ಗಿಡ್ಡವಾಗುತ್ತದೆ, ಒಟ್ಟು ತೂಕ ತಾನಾಗಿ ಕರಗುತ್ತದೆ.

ಹಗುರವಾದದ್ದು ನಡುಗುತ್ತದೆ ಎಂಬ ಆಕ್ಷೇಪ ಸಹಜ. ಗಾಳಿ ಜೋರಾದರೆ ಅದು ನಿಜವೂ ಹೌದು. ಆಗ ಪೀಠಕ್ಕೆ ಅಲ್ಲೇ ಸಿಗುವ ಕಲ್ಲನ್ನು ಹೇರಬಹುದು. ಆದರೆ ಬಿಗಿ ಬರುವುದು ತ್ರಿಕೋನದಿಂದ, ತೂಕದಿಂದಲ್ಲ; ಪಲೋಮಾರ್‌ನ 200 ಅಂಗುಲದ ದೂರದರ್ಶಕವೂ ಇಂಥ ಚೌಕಟ್ಟಿನ ಮೇಲೆಯೇ ನಿಂತಿದೆ. ಪಕ್ಕದಿಂದ ನುಗ್ಗುವ ಬೆಳಕಿಗೆ ಕಪ್ಪು ಬಟ್ಟೆಯ ಗವಸು ಸಾಕು. ಪ್ರತಿ ಸಲ ಜೋಡಿಸಿದಾಗ ಕನ್ನಡಿಗಳನ್ನು ತಿರುಪು ತಿರುಗಿಸಿ ನೇರಮಾಡಬೇಕು ನಿಜ, ಕೈ ಪಳಗಿದ ಮೇಲೆ ಅದು ಕೆಲವೇ ನಿಮಿಷದ ಕೆಲಸ. ಉಳಿತಾಯ ಮಾಡಬಾರದ ಜಾಗ ಒಂದೇ: ಕನ್ನಡಿಯ ಮೈ. ಅಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ತಪ್ಪೂ ಶನಿಯ ಬಳೆಯನ್ನು ಮಸುಕಾಗಿಸುತ್ತದೆ. ಮರಗೆಲಸಕ್ಕೆ ಒಂದು ವಾರ ಸಾಕಾದರೆ, ಉಜ್ಜಿ ಹೊಳಪಿಸುವುದಕ್ಕೆ ತಿಂಗಳುಗಳನ್ನೇ ಕೊಡಬೇಕು.